ಲೆಕ್ಕಕ್ಕಿಲ್ಲದ ಓಟ

ಸಾಬಮ್ಮ, ಆ ಓಟ ಗೆದ್ದವಳು ನೀನು. ಅದು ಪ್ರಾಕ್ಟೀಸ್ ಆಗಿರಲಿಲ್ಲ, ಓಟವೇ ಆಗಿತ್ತು. ಸೀಟಿ ಊದಿದವಳು ನಾನು, ಗಡಿಯಾರ ಹಿಡಿದವಳು ನಾನು, ಆಮೇಲೆ ಸುಳ್ಳು ಹೇಳಿದವಳೂ ನಾನೇ. ಒಂದಲ್ಲ, ಎರಡು ಸಲ ಹೇಳಿದೆ. ಮೊದಲನೆಯದನ್ನು ಮೈಕಿನಲ್ಲಿ ಹೇಳಿದ್ದೆ, ಅದು ನಿನಗೆ ಗೊತ್ತು. ಎರಡನೆಯದು ಗೊತ್ತಿಲ್ಲ — ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಸಿಟ್ಟು ನಿನಗೆ ಹೊಸದಲ್ಲ. ಯಾದಗಿರಿಯ ನಮ್ಮ ಶಾಲೆಯಲ್ಲಿ ಪಿ.ಟಿ. ಅಕ್ಕೋರು ಬಂದರೆಂದರೆ ಹುಡುಗಿಯರೆಲ್ಲ ಗಪ್‌ಚಿಪ್ಪಾಗುತ್ತಿದ್ದಿರಿ. ಅದನ್ನು ನಾನು ದೊಡ್ಡ ಗುಣವೆಂದು ತಿಳಿದಿದ್ದೆ. ತಪ್ಪು ಕಂಡರೆ ಸುಮ್ಮನಿರುವವಳಲ್ಲ ನಾನು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಈಗ ನೆನೆದರೆ ಮೈ ಉರಿಯುತ್ತದೆ.

ಆ ವರ್ಷ ಊರಿನ ವ್ಯಾಪಾರಿಗಳು, ಯುವಕರು ಸೇರಿ ಒಂದು ಸಮಿತಿ ಮಾಡಿಕೊಂಡು ಹುಡುಗಿಯರ ಓಟ ಇಟ್ಟಿದ್ದರು. ಮೈದಾನದಿಂದ ಹೊರಟು ರಾಮಸಮುದ್ರದ ದಾರಿ ಹಿಡಿದು, ಅರ್ಧದಲ್ಲಿ ತಿರುಗಿ ವಾಪಸ್ ಬರಬೇಕು. ಮುದನಾಳದಿಂದ ನಿನ್ನನ್ನು ಕರೆಸಿದವಳು ನಾನೇ. ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಹೋಗಬೇಕೆಂಬುದು ನಿನ್ನ ಆಸೆ. ಅಲ್ಲಿಗೆ ಯಾರು ಬೇಕಾದರೂ ಹೋಗಬಹುದಿತ್ತು, ಕರೆದುಕೊಂಡು ಹೋಗುವವರು ಬೇಕಿತ್ತು ಅಷ್ಟೇ. ನಿನ್ನ ಅಣ್ಣ ಹಣಮಂತ ಒಂದೇ ಮಾತು ಹೇಳಿದ್ದ — ಈ ಓಟದಲ್ಲಿ ಮೊದಲು ಬಂದರೆ ತಾನೇ ಕರೆದೊಯ್ಯುತ್ತೇನೆ, ಬರದಿದ್ದರೆ ಓಟದ ಹೆಸರೆತ್ತಬಾರದು ಎಂದು. ನಿನ್ನ ಪಾಲಿಗೆ ಆ ಬೆಳಗು ಅಷ್ಟು ದೊಡ್ಡದಾಗಿತ್ತು. ಅದು ನನಗೂ ಗೊತ್ತಿತ್ತು.

ನಸುಕಿನಲ್ಲೇ ಬಂದು ಸಾಲಾಗಿ ನಿಂತಿರಿ. ಬೆನ್ನ ಮೇಲೆ ಅತಿಥಿಯ ಮುಖ ಅಚ್ಚೊತ್ತಿದ್ದ, ಮೊಣಕಾಲಿಗೆ ಬರುವ ಟೀ ಶರ್ಟು ತೊಡಿಸಿದ್ದರು. ಝಂಡಾ ತೋರಿಸಬೇಕಾದ ಅತಿಥಿಯ ಸುಳಿವಿಲ್ಲ. ಈಗ ಬಂದರು, ದಾರಿಯಲ್ಲಿದ್ದಾರೆ, ನಾಷ್ಟಾ ಮಾಡುತ್ತಿದ್ದಾರೆ — ಇದೇ ರಾಗ. ನೀರಿನ ಕ್ಯಾನುಗಳನ್ನು ಕೂಡ ಉದ್ಘಾಟನೆಗೆ ಮುಂಚೆ ಬಿಚ್ಚಬಾರದಂತೆ! ನಮ್ಮ ಕಡೆಯ ಬಿಸಿಲು ಯಾರ ನಾಷ್ಟಾಕ್ಕೂ ಕಾಯುವುದಿಲ್ಲ. ಒಬ್ಬ ಹುಡುಗಿ ನಿಂತಲ್ಲೇ ಕುಸಿದು ಕುಳಿತಳು. ನನ್ನ ತಲೆ ಕೆಟ್ಟಿತು. ಯಾರನ್ನೂ ಕೇಳದೆ ಸೀಟಿ ಊದಿ ಗಡಿಯಾರದ ಗುಂಡಿ ಒತ್ತಿದೆ.

ಇಡೀ ಬದುಕಿನಲ್ಲಿ ನನ್ನ ಸಿಟ್ಟು ಸರಿಯಾದ ಕೆಲಸ ಮಾಡಿದ್ದು ಅದೊಂದೇ ಸಲ. ಆದರೆ —

ನೀನು ಬರಿಗಾಲಲ್ಲಿ ಓಡಿದೆ. ಎರಡನೆಯವಳು ಇನ್ನೂ ತಿರುವಿನಲ್ಲಿ ಕಾಣಿಸಿಕೊಳ್ಳುತ್ತಿದ್ದಾಗ ನೀನು ಮೈದಾನದೊಳಗೆ ಬಂದಿದ್ದೆ. ಗಡಿಯಾರವನ್ನು ನಿನ್ನ ಮುಂದೆ ಹಿಡಿದು, ನೀನೇ ಮೊದಲು ಎಂದೆ. ನೀನು ಏದುಸಿರು ಬಿಡುತ್ತಲೇ ನಕ್ಕೆ. ಆ ನಗು ಈಗಲೂ ನನ್ನ ಕಣ್ಣ ಮುಂದಿದೆ, ಹೋಗೆಂದರೂ ಹೋಗುವುದಿಲ್ಲ.

ಅಷ್ಟರಲ್ಲಿ ಅತಿಥಿಯ ಕಾರು ಬಂತು. ಅದರ ಹಿಂದೆಯೇ ಒಂದು ವ್ಯಾನು. ಅದರಲ್ಲಿ ಬೇರೆ ಊರಿನ ಹುಡುಗಿಯರು, ಬೂಟು ಹಾಕಿಕೊಂಡು, ದಣಿವಿಲ್ಲದೆ ಇಳಿದರು. ಅವರನ್ನು ದೂರಿ ಫಲವಿಲ್ಲ, ಓಟ ಮುಗಿದದ್ದು ಅವರಿಗೆ ಗೊತ್ತೇ ಇರಲಿಲ್ಲ. ಸಮಿತಿಯ ಅಧ್ಯಕ್ಷರು ಓಡಿಬಂದು ನನ್ನ ಕಿವಿಯ ಹತ್ತಿರ ಬಾಗಿದರು.

"ಅಕ್ಕೋರ್ರೀ, ಸಾಹೇಬ್ರು ಬಂದಾರ. ಝಂಡಾ ತೋರಿಸ್ಲಾರದ ಓಟ ಹ್ಯಾಂಗ ಮುಗೀತೈತ್ರಿ? ಮೊದಲಿಂದು ಪ್ರಾಕ್ಟೀಸ್ ಇತ್ತಂತ ಮೈಕಿನ್ಯಾಗ ಹೇಳಿಬಿಡ್ರಿ."

ಆಗೆಲ್ಲಿ ಹೋಗಿತ್ತು ನನ್ನ ಸಿಟ್ಟು? ಅರ್ಧ ಗಂಟೆಯ ಕೆಳಗೆ ಕುಣಿದಾಡುತ್ತಿತ್ತಲ್ಲ! ಬಿಸಿಲಲ್ಲಿ ಓಡಿ ಬಂದ ಮಕ್ಕಳನ್ನು ಒಂದು ಫೋಟೋಕ್ಕಾಗಿ ಮತ್ತೆ ಓಡಿಸುವುದು ಯಾವ ಧರ್ಮ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕಾರು, ಹಾರ, ಬಿಳಿ ಅಂಗಿಗಳ ಗುಂಪು — ಇಷ್ಟು ಕಂಡದ್ದೇ ತಡ, ನಾಲಿಗೆ ಮೆತ್ತಗಾಯಿತು. ಮೈಕ್ ಹಿಡಿದು, ಈಗ ಓಡಿದ್ದು ಲೆಕ್ಕಕ್ಕಿಲ್ಲ ಎಂದೆ. ಹಾಗೆನ್ನುತ್ತಲೇ ಹೆಬ್ಬೆರಳಿನಿಂದ ಗಡಿಯಾರವನ್ನು ಸೊನ್ನೆಗೆ ತಂದೆ. ನಿನ್ನ ಓಟದ ಸಮಯ ಬೇರೆಲ್ಲೂ ಉಳಿದಿರಲಿಲ್ಲ, ಸಾಬಮ್ಮ.

ನೀನು ನನ್ನ ಬಳಿ ಬಂದು ಮೆಲ್ಲಗೆ ಕೇಳಿದೆ, "ಅಕ್ಕೋರ್ರೀ, ಗಡಿಯಾರ ನೋಡಿ ನೀವೇ ಹೇಳಿದ್ರಲ್ರಿ, ನಾನೇ ಮೊದಲ ಬಂದೀನಂತ?"

ಆಗ ಬಂತು ನೋಡು ನನ್ನ ಸಿಟ್ಟು! ಅತಿಥಿಯ ಮುಂದೆ ಬಾರದ್ದು, ಅಧ್ಯಕ್ಷರ ಮುಂದೆ ಬಾರದ್ದು ನಿನ್ನ ಮುಂದೆ ಉಕ್ಕಿ ಬಂತು. ಸುಮ್ಮನೆ ಸಾಲಿನಲ್ಲಿ ನಿಲ್ಲು, ಇಲ್ಲವಾದರೆ ಮನೆಗೆ ನಡೆ ಎಂದು ಎಲ್ಲರೆದುರು ಗದರಿಸಿದೆ. ನೀನು ನಿಂತೆ. ಕಾದ ಡಾಂಬರಿನ ಮೇಲೆ ಅದೇ ದಾರಿಯನ್ನು ಮತ್ತೆ ಓಡಿದೆ. ವ್ಯಾನಿನಿಂದ ಇಳಿದವರು ಮುಂದೆ ಹೋದರು, ನೀನು ಹಿಂದೆ ಉಳಿದೆ. ಅಂಗಾಲಲ್ಲಿ ಬೊಬ್ಬೆ ಎದ್ದು ಕುಂಟುತ್ತಾ ಬಂದೆ. ವೇದಿಕೆಯ ಮೇಲೆ ನನಗೆ ಶಾಲು ಹೊದಿಸುತ್ತಿದ್ದರು. ನಾನು ತಲೆ ಬಾಗಿಸಿ ಹೊದಿಸಿಕೊಂಡೆ.

ಇಷ್ಟೇ ಆಗಿದ್ದರೆ ಹೆದರಿಕೊಂಡೆ ಎನ್ನಬಹುದಿತ್ತೋ ಏನೋ. ಇಷ್ಟೇ ಅಲ್ಲ.

ಎರಡು ದಿನ ಬಿಟ್ಟು ಹಣಮಂತ ನನ್ನ ಮನೆಗೆ ಬಂದ. ಒಳಗೆ ಬಾ ಎಂದರೂ ಬಾರದೆ, ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೆ ನಿಂತ. "ಅಕ್ಕೋರ್ರೀ, ಮೊದಲಿನ ಓಟದಾಗ ತಾನೇ ಮೊದಲ ಬಂದೀನಿ ಅಂತ ನಮ್ಮ ಸಾಬಿ ಅಳಾಕತ್ಯಾಳ. ಖರೇ ಏನ್ರಿ? ನೀವೊಂದು ಹೂಂ ಅನ್ರಿ ಸಾಕು, ನಾ ಆಕಿನ್ನ ಕರ್ಕೊಂಡು ಹೊಕ್ಕೀನಿ."

ಅಲ್ಲಿ ಕಾರಿರಲಿಲ್ಲ, ಮೈಕಿರಲಿಲ್ಲ. ನನ್ನ ಮನೆ, ನನ್ನ ಬಾಗಿಲು. ಹೂಂ ಎಂದರೆ ಅವನು ಸಮಿತಿಯವರ ಜೊತೆ ಜಗಳಕ್ಕೆ ಹೋದಾನು, ಅವರು ಮುಂದಿನ ವರ್ಷ ನನ್ನನ್ನು ಕರೆಯಲಿಕ್ಕಿಲ್ಲ — ಇಷ್ಟು ಸಣ್ಣ ಲೆಕ್ಕ ನನ್ನ ತಲೆಯಲ್ಲಿ ಓಡಿತು. ಥೂ!

"ಅದು ಓಟ ಅಲ್ಲಪ್ಪಾ, ಬರೇ ಪ್ರಾಕ್ಟೀಸ್. ಅದರಾಗೂ ಆಕಿ ಮೊದಲೇನ್ ಬಂದಿರ್ಲಿಲ್ಲ, ಸುಮ್ನ ಹಟ ಮಾಡ್ತಾಳ," ಎಂದೆ.

ಕೇಳಿದೆಯಾ? ನೀನು ಮೊದಲು ಬಂದಿರಲೇ ಇಲ್ಲ ಎಂದೆ. ಅಧ್ಯಕ್ಷರು ಕೂಡ ಅಷ್ಟು ಹೇಳು ಎಂದಿರಲಿಲ್ಲ. ಅದು ನಾನೇ ಸೇರಿಸಿದ್ದು. ಹಣಮಂತ ಕೈ ಮುಗಿದು ಹೋದ. ಮನೆಗೆ ಹೋಗಿ ನಿನಗೇನೆಂದ, ಎಷ್ಟು ಬೈದ, ನನಗೆ ಗೊತ್ತಿಲ್ಲ. ಅಂದಿನಿಂದ ನೀನು ಮೈದಾನಕ್ಕೆ ಬರಲಿಲ್ಲ. ವಿಚಾರಿಸಲು ನಾನೂ ಬರಲಿಲ್ಲ.

ಹತ್ತು ವರ್ಷದ ಮೇಲಾಯಿತು. ಕಳೆದ ತಿಂಗಳು ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ನೀನೇ ನನ್ನನ್ನು ಗುರುತಿಸಿ, ಆರಾಮದೀರೇನ್ರಿ ಎಂದೆ. ನನ್ನ ಚೀಲ ಹಿಡಿದುಕೊಂಡೆ, ಬಿಸಿಲು ಬಿದ್ದ ಕಡೆ ನೀನು ಸರಿದು ನೆರಳಲ್ಲಿ ನನ್ನನ್ನು ಕೂರಿಸಿದೆ. ಗಂಡ ಇಲ್ಲಿಯವನೇ, ಟೇಲರ್ ಅಂಗಡಿ ಇಟ್ಟಿದ್ದಾನೆ ಎಂದೆ. ನಾನು ಧೈರ್ಯ ಮಾಡಿ ಆ ಓಟದ ಮಾತು ತೆಗೆದೆ. ನೀನು ನಕ್ಕುಬಿಟ್ಟೆ.

"ಅಣ್ಣ ಅಂದಿದ್ದೇ ಖರೇ ಇರಬೇಕ್ರಿ. ಮೊದಲ ಬಂದೀನಂತ ನಾನೇ ಮನಸ್ಸಿನ್ಯಾಗ ಮಾಡ್ಕೊಂಡಿದ್ದೆ ಅನಸ್ತೈತಿ."

ನೀನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಓಡಿದ ನೀನೇ ನಿನ್ನ ಓಟವನ್ನು ನಂಬದಂತೆ ಮಾಡಿಟ್ಟಿದ್ದೇನಲ್ಲ — ಆಗಲೂ ಬಾಯಿ ಬಿಡಲಿಲ್ಲ ನಾನು. ಬಸ್ಸು ಬಂತು, ಹತ್ತಿ ಕುಳಿತೆ.

ಮನೆಗೆ ಬಂದು ಆ ಶಾಲು ಹರಿದು ನೆಲ ಒರೆಸಲು ಹಾಕಿದೆ. ಅದರಿಂದ ನಿನಗೇನು ಬಂತು? ಏನೂ ಇಲ್ಲ. ನನ್ನ ಮೇಲೆ ನನಗಿರುವ ಈ ಸಿಟ್ಟಿನಿಂದಲೂ ನಿನಗೆ ಏನೂ ಬರುವುದಿಲ್ಲ. ಹಾಸ್ಟೆಲ್ ಬರುವುದಿಲ್ಲ, ಗಡಿಯಾರದಲ್ಲಿ ನಾನು ಅಳಿಸಿದ್ದು ಬರುವುದಿಲ್ಲ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ.

ಬರುವ ಭಾನುವಾರ ಮುದನಾಳಕ್ಕೆ ಹೋಗುತ್ತೇನೆ. ಅಂದು ನಿನ್ನ ಅಣ್ಣ ನನ್ನ ಹೊಸ್ತಿಲ ಹೊರಗೆ ನಿಂತ ಹಾಗೆ ನಾನು ಅವನ ಹೊಸ್ತಿಲ ಹೊರಗೆ ನಿಲ್ಲುತ್ತೇನೆ. ಹಣಮಂತಾ, ನಿನ್ನ ತಂಗಿ ಸುಳ್ಳು ಹೇಳಿರಲಿಲ್ಲ, ಅವಳೇ ಮೊದಲು ಬಂದಿದ್ದಳು, ಸುಳ್ಳಿ ನಾನು ಎಂದು ಹೇಳುತ್ತೇನೆ. ಅವನು ಬಾಗಿಲು ಹಾಕಿಕೊಂಡರೆ ಓಣಿಯಲ್ಲಿ ನಿಂತು ಹೇಳುತ್ತೇನೆ. ಈ ಸಲ ಮೈಕ್ ಬೇಕಿಲ್ಲ. ನನ್ನ ಗಂಟಲು ಎಷ್ಟು ದೊಡ್ಡದೆಂದು ನಿನಗೆ ಗೊತ್ತಿದೆ, ಅದರಿಂದ ಬೈಸಿಕೊಂಡವಳು ನೀನು.