ಎಲ್ಲರಿಗೂ ಜೂನ್ ಒಂದು

ಮಗಳು ಹುಟ್ಟಿದ್ದು ಶಿಗ್ಗಾವಿಯ ನನ್ನ ತವರುಮನೆಯಲ್ಲಿ, ನಾಗರ ಪಂಚಮಿಯ ಮರುದಿನ. ನನಗೆ ಅದೊಂದು ಒಳ್ಳೆಯ ನೆಪವಾಗಿತ್ತು. ಹಬ್ಬಕ್ಕೆ ಕಟ್ಟಿದ ಉಂಡಿಗಳು ಡಬ್ಬಿಯಲ್ಲಿ ಇದ್ದೇ ಇರುತ್ತಿದ್ದವು. ಮರುದಿನ ಬೆಳಿಗ್ಗೆ ಒಂದನ್ನು ಅವಳ ಕೈಗಿಟ್ಟು, "ತಗೋ, ನಿನ್ನ ಹುಟ್ಟಿದ ಹಬ್ಬದ ಉಂಡಿ" ಎಂದು ಹೇಳಿ ಶಾಲೆಗೆ ಓಡುತ್ತಿದ್ದೆ. ವರ್ಷ ವರ್ಷವೂ ಹೀಗೇ ಸಾಗಹಾಕಿದೆ.

ಐವತ್ತರ ದಶಕದ ಕೊನೆ ಅದು. ಹಿರೇಕೆರೂರಿನಿಂದ ವರ್ಗವಾಗಿ ಅಕ್ಕಿಆಲೂರಿನ ಪ್ರಾಥಮಿಕ ಶಾಲೆಗೆ ಅಕ್ಕಾರಾಗಿ, ಅಂದರೆ ಶಿಕ್ಷಕಿಯಾಗಿ, ಬಂದಿದ್ದೆ. ಮನೆಯವರು ಸವಣೂರಿನ ಕಚೇರಿಯಲ್ಲಿ ಕಾರಕೂನರು, ಶನಿವಾರ ಬಂದು ಸೋಮವಾರ ಬಸ್ಸು ಹಿಡಿಯುತ್ತಿದ್ದರು. ಒಲೆ, ನೀರು, ಮಗಳು, ಶಾಲೆ ಎಲ್ಲ ನನ್ನ ತಲೆಯ ಮೇಲೆ. ಉಣ್ಣಲು ಕೂತರೂ ಒಂದು ಕಾಲು ಹೊಸ್ತಿಲಿನ ಆಚೆಗೇ ಇರುತ್ತಿತ್ತು. ಸಿಟ್ಟಂತೂ ಮೂಗಿನ ತುದಿಯಲ್ಲಿ.

ಮಗಳನ್ನು ಒಂದನೇ ಇಯತ್ತೆಗೆ ಸೇರಿಸಿದ ದಿನ ನನ್ನ ಮೇಜಿನ ಮುಂದೆ ದೊಡ್ಡ ಸಾಲು. ಹೊರಗೆ ಮಳೆ ಹಿಡಿದಿತ್ತು, ಮಕ್ಕಳನ್ನು ಕರೆತಂದ ಅಪ್ಪಂದಿರಿಗೆ ಹೊಲಕ್ಕೆ ಹೋಗುವ ಅವಸರ. ಬಲಗೈ ತಲೆಯ ಮೇಲಿಂದ ಬಂದು ಎಡಗಿವಿ ಮುಟ್ಟಿದರೆ ಮಗುವಿಗೆ ಶಾಲೆಯ ವಯಸ್ಸಾಯಿತೆಂದು ಲೆಕ್ಕ. ಹುಟ್ಟಿದ ತಾರೀಖು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

"ಕೂಸು ಯಾವಾಗ ಹುಟ್ಟೇತ್ರಿ?"

"ಕೆರಿ ಕೋಡಿ ಬಿದ್ದಿತ್ತಲ್ರಿ ಅಕ್ಕಾರ, ಆ ವರ್ಷ. ನೀವ ನೋಡಿ ಬರಕೋರಿ."

ನೋಡಿ ಬರೆದುಕೊಳ್ಳುವುದೆಂದರೆ ಜೂನ್ ಒಂದು. ನಮ್ಮ ಕಡೆಯ ಮಾಸ್ತರರೆಲ್ಲ ಬರೆಯುತ್ತಿದ್ದುದೇ ಅದು. ನಾನೂ ಬಾಯಿಬಿಟ್ಟು "ಜೂನ್ ಒಂದು" ಎನ್ನುತ್ತ ಬರೆಯುತ್ತ ಹೋದೆ. ಹನ್ನೊಂದು ಮಕ್ಕಳಾದವು. ಸಾಲಿನ ಕೊನೆಗೆ ನನ್ನ ಮಗಳು. ಒಳಗಿನಿಂದ ಹೆಡ್ ಮಾಸ್ತರರು ಎರಡು ಸಲ ಕೂಗಿದ್ದರು. ಕೈ ತಾನಾಗಿಯೇ ಓಡಿತು, ಬಾಯಿಯೂ: ಜೂನ್ ಒಂದು.

"ಅವ್ವಾ, ನಾ ಪಂಚಮಿ ಮರುದಿನ ಹುಟ್ಟೇನಲ್ಲ?"

"ಸಾಲ್ಯಾಗ ಅವ್ವ ಅನಬ್ಯಾಡ, ಅಕ್ಕಾರ ಅನ್ನು. ನಡಿ, ಕುಂಡ್ರು."

ಶಾಯಿ ಆರುವ ಮೊದಲೇ ಮಾಡಿದ ತಪ್ಪು ತಿಳಿಯಿತು. ಆ ಸಾಲಿನಲ್ಲಿ ಹುಟ್ಟಿದ ದಿನ ಖಚಿತವಾಗಿ ಗೊತ್ತಿದ್ದುದು ಅವಳೊಬ್ಬಳದೇ, ಅದನ್ನೂ ನಾನೇ ಕೆಡಿಸಿದ್ದೆ. ತಿದ್ದಬೇಕೆಂದರೆ ಮೇಲಿನವರಿಗೆ ಕಾರಣ ಬರೆದು ಕೊಟ್ಟು ಸಹಿ ಪಡೆಯಬೇಕು. ನಾಳೆ ನೋಡೋಣವೆಂದು ಪುಸ್ತಕ ಮುಚ್ಚಿದೆ. ಮನಸ್ಸು ಚುಚ್ಚುತ್ತಿತ್ತು. ಆ ಸಂಜೆ ಮಗಳಿಗೆ ಮಾತು ಕೊಟ್ಟೆ: ಈ ಸಲ ಪಂಚಮಿಯ ಮರುದಿನ ಎಣ್ಣೆ ಹಚ್ಚಿ ಎರೆದು, ಹೊಸ ಲಂಗ ಉಡಿಸಿ, ಮಣೆಯ ಮೇಲೆ ಕೂರಿಸಿ ಆರತಿ ಮಾಡುತ್ತೇನೆ. ಅಂದಿನಿಂದ ದಿನವೂ ಅದನ್ನೇ ಕೇಳುತ್ತಿದ್ದಳು.

ಪಂಚಮಿಯ ಮರುದಿನ ಬೆಳಗಾಗುತ್ತಿದ್ದಂತೆ ಹೆಡ್ ಮಾಸ್ತರರಿಂದ ಹೇಳಿಕೆ ಬಂತು: ಶಾಲೆಯ ಕಾಗದಪತ್ರ ತೆಗೆದುಕೊಂಡು ಹಾನಗಲ್ಲಿನ ಕಚೇರಿಗೆ ನಾನೇ ಹೋಗಬೇಕು. ಎಣ್ಣೆಯ ಬಟ್ಟಲು ಗೂಡಿನಲ್ಲೇ ಉಳಿಯಿತು. ಮಗಳನ್ನು ಶಾಲೆಗೆ ಕಳಿಸಲು ಹೇಳಿ ನೆರೆಮನೆಯ ಅಜ್ಜಿಗೆ ಒಪ್ಪಿಸಿ, "ದೀಪ ಹಚ್ಚೂದ್ರೊಳಗ ಬರ್ತೇನಿ" ಎಂದೆ.

ಕಚೇರಿಯಲ್ಲಿ ಬೆಂಚಿನ ಮೇಲೆ ಕೂತದ್ದಕ್ಕಿಂತ ಎದ್ದು ರಸ್ತೆ ನೋಡಿದ್ದೇ ಹೆಚ್ಚು. ಕೆಲಸ ಮುಗಿದರೆ ಬಸ್ಸಿಲ್ಲ, ಬಸ್ಸು ಬಂದರೆ ಜಾಗವಿಲ್ಲ. ನಿಂತೇ ಬಂದೆ. ಅಕ್ಕಿಆಲೂರಿನಲ್ಲಿ ಇಳಿದವಳೇ ಸೀರೆಯ ನಿರಿಗೆ ಎತ್ತಿ ಹಿಡಿದು ಕೆಸರಿನಲ್ಲಿ ಓಡಿದೆ. ಅತ್ತು ಅತ್ತು ಮಲಗಿಬಿಟ್ಟಿದ್ದರೆ ಏನು ಮಾಡಲಿ ಎಂಬುದೊಂದೇ ತಲೆಯಲ್ಲಿತ್ತು.

ನೋಡಿದರೆ ಮನೆಯ ಕಟ್ಟೆಯ ಮೇಲೆ ಸಾಲಾಗಿ ಹನ್ನೊಂದು ಮಕ್ಕಳು! ಎಲ್ಲರ ತಲೆಯಿಂದ ಎಣ್ಣೆ ಹಣೆಗೆ ಇಳಿಯುತ್ತಿತ್ತು. ನನ್ನ ಬಟ್ಟಲು ಖಾಲಿಯಾಗಿ ಅಲ್ಲೇ ಬಿದ್ದಿತ್ತು.

"ಏನಿದು ಸಂತಿ?" ಎಂದು ಗದರಿದೆ.

ಅವರ ಪಕ್ಕದಲ್ಲಿ ಕೂತಿದ್ದ ಮಗಳು ಎದ್ದು ನಿಂತಳು. "ನನಗ ಜೂನ್ ಒಂದು ಬರದೀರಿ. ಇವರಿಗೂ ಜೂನ್ ಒಂದು ಬರದೀರಿ. ನಾ ಇವತ್ತ ಹುಟ್ಟೇನಿ ಅಂದಮ್ಯಾಲೆ ಇವರೂ ಇವತ್ತ ಹುಟ್ಟ್ಯಾರಲ್ರಿ. ಅದಕ್ಕ ಸಾಲಿ ಬಿಟ್ಟಮ್ಯಾಲೆ ಕರಕೊಂಡು ಬಂದೆ."

ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದವು. ಹುಟ್ಟಿದ ದಿನವೆಂದು ಅವರಿಗೆ ಯಾರೂ ಎಂದೂ ಆರತಿ ಮಾಡಿರಲಿಲ್ಲ. ಕೈಕಾಲು ತೊಳೆದು ಮಣೆ ಹಾಕಿದೆ. ಒಬ್ಬೊಬ್ಬರನ್ನೇ ಕೂರಿಸಿ, ಕುಂಕುಮ ಹಚ್ಚಿ, ಆರತಿ ಎತ್ತಿ, ಅರ್ಧರ್ಧ ಉಂಡಿ ಕೈಗಿಟ್ಟೆ. ಅಲ್ಲೂ ನನ್ನ ಚಾಳಿ ಬಿಡಲಿಲ್ಲ. "ಏಳು, ಏಳು, ಮುಂದಿನವರು ಬರ್ರಿ" ಎಂದು ಅವಸರಿಸುತ್ತಲೇ ಇದ್ದೆ.

ಮಗಳು ಆವತ್ತಿನಂತೆಯೇ ಸಾಲಿನ ಕೊನೆಗೆ ನಿಂತಿದ್ದಳು. ಹನ್ನೊಂದೂ ಮಕ್ಕಳು ಉಂಡಿ ಕಡಿಯುತ್ತ ಮನೆಗೆ ಓಡಿದ ಮೇಲೆ ಬಂದು ಮಣೆಯ ಮೇಲೆ ಕೂತಳು. ಹೊಸ ಲಂಗವನ್ನು ತಾನೇ ಉಟ್ಟುಕೊಂಡಿದ್ದಳು, ಲಾಡಿ ಪಕ್ಕಕ್ಕೆ ಜೋತಾಡುತ್ತಿತ್ತು. ನಾನು ತಟ್ಟೆ ಎತ್ತಿದೆ. ಅವಳು ಬಾಗಿಲ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಕೇಳಿದಳು:

"ಈಗ ಅವ್ವ ಅಂದ್ರ ನಡೀತೈತೇನ್ರಿ?"