ಇಲ್ಲ ಎನ್ನಲು ಬಾರದ ಸೆಕ್ರೆಟರಿ

ಅವರ ಬಲಗೈಯ ಕಿರುಬೆರಳು ಸೊಟ್ಟಗೆ ಹೊರಕ್ಕೆ ಬಾಗಿತ್ತು. ಹರೆಯದಲ್ಲಿ ಗೋಲ್‌ಕೀಪರ್ ಆಗಿದ್ದಾಗ ಮುರಿದದ್ದು. ಕೈ ಮುಗಿದರೂ ಆ ಬೆರಳು ಬೇರೆಯೇ ದಿಕ್ಕು ತೋರಿಸುತ್ತಿತ್ತು. ಹುಬ್ಬಳ್ಳಿಯಲ್ಲಿ ಹತ್ತಿ ದಲಾಲಿ ಮಾಡಿಕೊಂಡಿದ್ದ ಅವರು ನಮ್ಮ ಫುಟ್‌ಬಾಲ್ ಕ್ಲಬ್ಬಿನ ಸೆಕ್ರೆಟರಿ. ಆಟಗಾರರಿಗೆಲ್ಲ ಕಾಕಾ.

ಕಾಕಾಗೆ ಯಾರಿಗೂ ಇಲ್ಲ ಎನ್ನಲು ಬರುತ್ತಿರಲಿಲ್ಲ. ಆಡುತ್ತೇನೆಂದು ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತಿದ್ದರು. ನಾವು ಸೋತು ತಲೆ ತಗ್ಗಿಸಿ ಬಂದರೆ, "ಛಲೋ ಆಡೀರಿ ಬಿಡ್ರೆಪಾ, ಗಾಳಿ ಅವರ ಕಡೆ ಇತ್ತು" ಎನ್ನುತ್ತಿದ್ದರು. ಒಂದು ವರ್ಷದ ನನ್ನ ಡೈರಿಯಲ್ಲಿ ಒಂಬತ್ತು ಪಂದ್ಯಗಳಿವೆ: ಏಳು ಸೋಲು, ಎರಡು ಡ್ರಾ. ಒಂಬತ್ತೂ ದಿನ ಗಾಳಿ ಅವರ ಕಡೆಗೇ ಬೀಸಿರಲಾರದು.

ಆ ವರ್ಷ ಲೀಗ್ ಮುಗಿಯುವ ಮೊದಲೇ ನಮ್ಮ ಕೋಚ್ ಬಿಟ್ಟುಹೋದರು. ಜೂನ್ ಒಳಗೆ ಹೊಸ ಕೋಚ್ ಹೆಸರು ಕೊಡದಿದ್ದರೆ ನಿಮ್ಮ ಜಾಗ ಬೇರೆ ಕ್ಲಬ್ಬಿಗೆ, ಎಂದು ಲೀಗಿನವರು ಹೇಳಿಬಿಟ್ಟರು. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಲಕಮನಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿದ ಕೂಡಲೇ ಕಾಕಾಗೆ ಫೋನ್ ಹಚ್ಚುತ್ತಿದ್ದೆ.

ಮಾರ್ಚಿನಲ್ಲಿ ಬೆಳಗಾವಿಯಿಂದ ಒಬ್ಬ ಕೋಚ್ ನಮ್ಮನ್ನು ನೋಡಲು ಬಂದರು. ಕಾಕಾ ಅವರನ್ನು ಮೈದಾನಕ್ಕಿಂತ ಮೊದಲು ಖಾನಾವಳಿಗೆ ಕರೆದೊಯ್ದು ರೊಟ್ಟಿ, ಎಣ್ಣೆಗಾಯಿ, ಮೇಲೆ ಒತ್ತಾಯ ಮಾಡಿ ಹೋಳಿಗೆ ತಿನ್ನಿಸಿದರು. ಅಷ್ಟು ಉಂಡವರು ನಮ್ಮ ಆಟ ನೋಡಿದ ಮೇಲೆ ಮುಖದೆದುರು ಬೇಡವೆನ್ನುವುದು ಹೇಗೆ? "ನೋಡೂಣಂತ್ರಿ, ತಿಳಸ್ತೇನಿ" ಎಂದು ಬಸ್ ಹತ್ತಿದರು.

ವಾರಗಳು ಕಳೆದರೂ ಸುದ್ದಿಯಿಲ್ಲ.

"ಕಾಕಾ, ಅವರು ಬರೂದಿಲ್ರಿ. ಬ್ಯಾರೇದವರನ್ನ ಕರೀರಿ," ಎಂದೆ.

"ಇಲ್ಲ ಅಂದಿಲ್ಲಲ್ಲೋ ತಮ್ಮಾ. ನಾಳಿ ಅವರು ಬ್ಯಾಗ್ ಹಿಡಕೊಂಡು ಬಂದಾಗ ಇಲ್ಲಿ ಇನ್ನೊಬ್ಬರು ಸೀಟಿ ಊದಾಕತ್ತಿದ್ರ, ನಾ ಮಾರಿ ಹೆಂಗ ತೋರಸ್ಲಿ?"

ಏಪ್ರಿಲ್‌ನಲ್ಲಿ ಬಂದ ಎರಡನೆಯವರಿಗೂ ಅದೇ ಊಟ. ಅವರದೂ ಅದೇ ಉತ್ತರ. ಕಾಕಾ ಮತ್ತೆ ಕಾಯುತ್ತ ಕೂತರು. ನಾನು ಕ್ಯಾಲೆಂಡರ್ ನೋಡುತ್ತ ಉಗುರು ಕಚ್ಚಿದೆ.

ಮೇ ಕೊನೆಗೆ ಉಪ್ಪಿನಬೆಟಗೇರಿಯ ಕಡೆ ಕೆಲಸ ಮಾಡುವ ಒಬ್ಬ ಪಿ.ಟಿ. ಟೀಚರ್ ಸ್ಕೂಟರಿನಲ್ಲಿ ಬಂದರು. ಕಾಕಾ ಖಾನಾವಳಿಯ ಮಾತೆತ್ತಿದ್ದೇ ತಡ, "ಊಟಾ ಆಮ್ಯಾಲ್ರಿ, ಮೊದಲ ಆಟಾ ತೋರಸ್ರಿ" ಎಂದರು. ಅರ್ಧ ಗಂಟೆ ನೋಡಿದರು. "ನನಗ ಆಗೂದಿಲ್ರಿ" ಎಂದು ಸ್ಕೂಟರ್ ತಿರುಗಿಸಿದರು.

ಕಾಕಾ ಸ್ಕೂಟರಿಗೆ ಅಡ್ಡ ನಿಂತರು. "ಮೂರು ತಿಂಗಳಾತು ಟೀಚರ್, ಖರೇ ಮಾತು ಆಡಿದವರು ನೀವೊಬ್ರ. ಯಾಕ ಆಗೂದಿಲ್ಲ ಅನ್ನೂದು ಹೇಳಿ ಹೋಗ್ರಿ."

"ನಿಮ್ಮಲ್ಲಿ ಯಾರೂ ಯಾರಿಗೂ ತಪ್ಪು ಹೇಳೂದಿಲ್ರಿ. ಆ ಲೆಫ್ಟ್ ಬ್ಯಾಕ್ ಹುಡುಗ ಬಾಲ್ ಹೋದಮ್ಯಾಲ ಓಡ್ತಾನ. ನೀವು ಚಪ್ಪಾಳಿ ಹೊಡೀತೀರಿ. ನಾ ಬಂದು ಏನ್ ಮಾಡ್ಲಿ?"

ಲೆಫ್ಟ್ ಬ್ಯಾಕ್ ನಾನೇ. ಪಕ್ಕದಲ್ಲೇ ನಿಂತಿದ್ದೆ.

ಕಾಕಾ ಬಿಡಲಿಲ್ಲ. ಕಡೆಗೆ ಟೀಚರ್ ಒಂದು ಶರತ್ತಿನ ಮೇಲೆ ಒಪ್ಪಿದರು. ಯಾರನ್ನು ಕೈಬಿಡಬೇಕೆಂದು ಅವರು ತೀರ್ಮಾನಿಸುತ್ತಾರೆ. ಅದನ್ನು ಆಟಗಾರನ ಮುಖಕ್ಕೆ ಕಾಕಾ ಹೇಳಬೇಕು. "ಸೇರಿಸ್ಕೊಂಡವರು ನೀವು. ಹೇಳಾವರೂ ನೀವ ಆಗ್ರಿ."

ಕಾಕಾ ಬೆವರು ಒರೆಸಿಕೊಂಡರು. "ಆತ್ರಿ" ಎಂದರು.

ಮುಂದಿನ ಭಾನುವಾರ ಅವರು ನಮ್ಮ ಮನೆಗೆ ಬಂದರು. ಅವ್ವ ಚಹಾ ಕೊಟ್ಟಳು. ಮಳೆಯ ಮಾತಾಯಿತು, ತಂಗಿಯ ಪರೀಕ್ಷೆಯ ಮಾತಾಯಿತು, ಎರಡನೆಯ ಚಹಾ ಬಂತು. ಯಾಕೆ ಬಂದಿದ್ದಾರೆಂದು ನನಗೆ ಗೊತ್ತಿತ್ತು. ಬೇಗ ಹೇಳಿಬಿಡಲಿ ಅನ್ನಿಸುತ್ತಿತ್ತು, ಹೇಳದೇ ಹೋಗಲಿ ಎಂದೂ ಅನ್ನಿಸುತ್ತಿತ್ತು. ಅವರು ಎದ್ದು ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋಗಿ, ತಿರುಗಿ ನಿಂತರು.

"ತಮ್ಮಾ, ಈ ವರ್ಷ ಟೀಮಿನ್ಯಾಗ ನೀ ಇಲ್ಲ."

"ಟೀಚರ್ ಹೇಳಿದ್ರೇನ್ರಿ?"

"ಅವರು ಹೇಳ್ಯಾರ. ಆದ್ರ ನಿನ್ನ ತಪ್ಪು ನನಗ ಎರಡು ವರ್ಷದಿಂದ ಗೊತ್ತಿತ್ತು. ಆವಾಗ ಹೇಳಿದ್ರ ನೀ ಕಲೀತಿದ್ದಿ."

ಒಳಗಿನಿಂದ ಅವ್ವ, "ಉಪ್ಪಿಟ್ಟು ತಿಂದು ಹೋಗ್ರಿ" ಎಂದು ಕೂಗಿದಳು. "ಬ್ಯಾಡವಾ" ಎಂದು ಹೊರಟುಬಿಟ್ಟರು. ಅದೇ ಬೆಳಿಗ್ಗೆ ಇನ್ನೂ ಮೂರು ಮನೆಗೆ ಹೋಗುವುದಿತ್ತಂತೆ.

ಸಿಟ್ಟಿನಲ್ಲಿ ನಾನು ಒಂದು ತಿಂಗಳು ಮೈದಾನದ ಕಡೆ ಹೋಗಲಿಲ್ಲ. ಕಾಕಾ ಮತ್ತೆ ಬಂದರು. "ಆಡೂದು ಬಿಡಿಸೇನಿ, ಕ್ಲಬ್ ಬಿಡು ಅಂದಿಲ್ಲ. ನನ್ನ ಕೂಡ ಕೆಲಸಾ ಮಾಡು ಬಾ" ಎಂದರು. ಹೋದೆ. ಕ್ಲಬ್ ಲೀಗಿನಲ್ಲಿ ಉಳಿಯಿತು. ಆ ಸಲ ನಾಲ್ಕು ಪಂದ್ಯ ಗೆದ್ದೆವು. ಡಿಸೆಂಬರಿನಲ್ಲಿ ಕಾಕಾ ಹೃದಯಾಘಾತದಿಂದ ತೀರಿಕೊಂಡರು.

ಈಗ ಸೆಕ್ರೆಟರಿ ನಾನು. ನಮ್ಮ ಫಾರ್ವರ್ಡ್ ಒಬ್ಬನನ್ನು ಬಿಡಬೇಕೆಂದು ಟೀಚರ್ ನಿನ್ನೆ ಹೇಳಿದ್ದಾರೆ. ಫೋನಿನಲ್ಲಿ ಎರಡು ಸಾಲು ಬರೆದು ಕಳಿಸಿದರೆ ಮುಗಿಯುತ್ತದೆ. ಆದರೆ ಗೇಟಿನ ಬಳಿ ತಿರುಗಿ ನಿಂತ ಆ ಮನುಷ್ಯನನ್ನು ನೋಡಿದ ಮೇಲೆ ನನ್ನಿಂದ ಅದಾಗದು. ನಸುಕಿನಲ್ಲಿ ಎದ್ದಾಗಿನಿಂದ ಬೈಕಿನ ಕೀ ಎತ್ತಿಕೊಂಡು ಮತ್ತೆ ಮತ್ತೆ ಕೆಳಗಿಟ್ಟಿದ್ದೇನೆ. ಹುಡುಗ ಹೆಬ್ಬಳ್ಳಿಯವನು. ಇನ್ನೂ ತಡಮಾಡಿದರೆ ಹೊಲಕ್ಕೆ ಹೋಗಿಬಿಡುತ್ತಾನೆ.