ನಾಲ್ಕನೆಯ ವರ್ಷದ ಸರದಾರ

ಇದು ನಡೆದದ್ದು 1981ರಲ್ಲೋ 82ರಲ್ಲೋ, ಆಣೆ ಮಾಡಿ ಹೇಳಲಾರೆ. ನಾನಾಗ ನ್ಯಾಮತಿಯ ಪಶು ಆಸ್ಪತ್ರೆಯಲ್ಲಿ ವೈದ್ಯನಾಗಿದ್ದೆ, ಜಗಳೂರಿನಿಂದ ವರ್ಗವಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ, ದೀಪಾವಳಿ ಹತ್ತಿರವಿತ್ತು. ಇಷ್ಟು ಗಟ್ಟಿ. ಉಳಿದದ್ದನ್ನು ನಾನು ಎಷ್ಟು ಸಲ ಎಷ್ಟು ಜನರಿಗೆ ಹೇಳಿದ್ದೇನೆಂದರೆ, ಅದರಲ್ಲಿ ನಡೆದದ್ದೆಷ್ಟು, ಹೇಳಿ ಹೇಳಿ ನುಣುಪಾದದ್ದೆಷ್ಟು ಎಂದು ಈಗ ಬೇರ್ಪಡಿಸಲು ಆಗದು. ಕಣ್ಣಾರೆ ಕಂಡೆ ಎಂದು ಇತರರು ಹೇಳಿದಾಗ ಅನುಮಾನಿಸುವ ನಾನು, ನನ್ನನ್ನು ಮಾತ್ರ ಏಕೆ ನಂಬಲಿ?

ನೆನಪಾದದ್ದು ಗಾಲ್ಫ್‌ನಿಂದ. ನಾನು ಆ ಆಟ ಆಡಿದವನಲ್ಲ. ನಿವೃತ್ತಿಯಾದ ಮೇಲೆ ಟಿವಿಯಲ್ಲಿ ನೋಡುತ್ತೇನೆ. ಹೋದ ಸೀಸನ್‌ನಲ್ಲಿ ಎಲ್ಲರನ್ನೂ ಹಿಂದೆ ಹಾಕಿದವನು ಈ ಸೀಸನ್‌ನಲ್ಲಿ ಎಲ್ಲಿ ಹೋದ ಎಂದು ವೀಕ್ಷಕ ವಿವರಣೆ ಕೊಡುವವರು ಪ್ರತಿ ಸಲ ಬೆರಗಾಗುತ್ತಾರೆ. ನನಗೆ ಬೆರಗು ಅನಿಸುವುದಿಲ್ಲ. ವರ್ಷದ ಮೇಲೆ ವರ್ಷ ಗೆಲ್ಲುವುದು ಏಕೆ ಅಪರೂಪ ಎಂಬುದನ್ನು ನಾನು ಒಂದು ಹೋರಿಯ ಗೊರಸಿನಲ್ಲಿ ನೋಡಿದ್ದೇನೆ.

ಹೊನ್ನಾಳಿ, ನ್ಯಾಮತಿ ಸೀಮೆಯಲ್ಲಿ ದೀಪಾವಳಿ ಕಳೆಯುತ್ತಿದ್ದಂತೆ ಹೋರಿ ಬೆದರಿಸುವ ಹಬ್ಬ ಶುರುವಾಗುತ್ತದೆ. ಹೋರಿಯ ಕೊರಳಿಗೆ ಕೊಬ್ಬರಿ ಹಾರ ಕಟ್ಟಿ, ಎರಡೂ ಬದಿ ಜನ ನಿಂತ ಓಣಿಯಲ್ಲಿ ಓಡಿಸುತ್ತಾರೆ. ಹೋರಿಯನ್ನು ತಡೆದು ಹಾರ ಕಿತ್ತುಕೊಂಡರೆ ಹಿಡಿದವನು ಗೆದ್ದ. ಯಾರ ಕೈಗೂ ಸಿಗದೆ ಹಾರದೊಂದಿಗೆ ಆಚೆ ದಾಟಿದರೆ ಹೋರಿ ಗೆದ್ದಿತು.

ಹಾಲೇಶಪ್ಪನವರ ಹೋರಿ ಸರದಾರ ಮೂರು ವರ್ಷ ಯಾರ ಕೈಗೂ ಸಿಕ್ಕಿರಲಿಲ್ಲ. ಅವರ ಊರು ನ್ಯಾಮತಿಯಿಂದ ಸೂರಗೊಂಡನಕೊಪ್ಪಕ್ಕೆ ಹೋಗುವ ಕಡೆ. ಹಬ್ಬಕ್ಕೆ ಎರಡು ಮೂರು ವಾರ ಇರುವಾಗ ಅವರೇ ಸೈಕಲ್ ತುಳಿದುಕೊಂಡು ಆಸ್ಪತ್ರೆಗೆ ಬಂದರು.

"ಡಾಕ್ಟ್ರೇ, ಹೋರಿ ಯಾಕೋ ಮುನಿಸ್ಕಂಡೈತೆ. ಏಳಾಕೆ ಒಲ್ಲದು. ಯಾರೋ ಕಣ್ಣು ಹಾಕ್ಯಾರೆ ಅಂತಾರೆ ಜನ. ನೀವೊಂದು ಸಲ ಬಂದು ನೋಡ್ರಿ."

ಹೋಗಿ ನೋಡಿದೆ. ಬಿಳಿ ಮೈ, ನೀಳವಾದ ಕೊಂಬು, ಎಣ್ಣೆ ಸವರಿದಂತೆ ಹೊಳೆಯುವ ಚರ್ಮ. ಆದರೆ ನಿಂತ ಬಗೆ ಸರಿಯಿರಲಿಲ್ಲ. ಬೆನ್ನು ಬಿಲ್ಲಿನಂತೆ ಬಾಗಿತ್ತು, ಮುಂಗಾಲುಗಳನ್ನು ಕತ್ತರಿಯಂತೆ ಒಂದರ ಮುಂದೊಂದು ಇಟ್ಟುಕೊಂಡಿತ್ತು. ಗೊರಸು ಮುಟ್ಟಿದರೆ ಬಿಸಿ. ಬೆರಳಿನಿಂದ ತಟ್ಟಿದ್ದಕ್ಕೇ ಕಾಲು ಎಳೆದುಕೊಂಡಿತು. ಅನುಮಾನಕ್ಕೆ ಎಡೆಯಿರಲಿಲ್ಲ, ಲ್ಯಾಮಿನೈಟಿಸ್. ಗೊರಸಿನ ಗಟ್ಟಿ ಕವಚಕ್ಕೂ ಒಳಗಿನ ಮೂಳೆಗೂ ನಡುವೆ ಒಂದು ಮೃದು ಪದರವಿದೆ. ಅದಕ್ಕೆ ಉರಿಯೂತ ಬಂದರೆ ಪ್ರತಿ ಹೆಜ್ಜೆಯೂ ನೋವು. ಆ ಸ್ಥಿತಿಯಲ್ಲಿ ಓಡಿಸಿದರೆ ಮೂಳೆಯೇ ಜಾರಿ ಗೊರಸಿನ ತಳಕ್ಕೆ ಬರಬಹುದು. ಆಮೇಲೆ ಆ ದನ ಏಳುವುದಿಲ್ಲ.

ಇದು ಹೆಚ್ಚಾಗಿ ಬರುವುದು ಕಾಳು ಅತಿಯಾದಾಗ. ಹೊಟ್ಟೆಯಲ್ಲಿ ಹುಳಿ ಹೆಚ್ಚಿ, ಅದರ ಪರಿಣಾಮ ಕಾಲಿಗಿಳಿಯುತ್ತದೆ. ಏನು ತಿನ್ನಿಸುತ್ತೀರಿ ಎಂದು ಕೇಳಿದೆ.

"ಎಲ್ಲಾ ದನಕ್ಕೆ ಹಾಕೋದೇ ರೀ. ಹುಲ್ಲು, ಒಂದಿಷ್ಟು ಹಿಂಡಿ."

ಅವರ ಹೆಂಡತಿ ಗಿರಿಜಕ್ಕ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನಕ್ಕರು. "ನೀವು ಹಾಕೋದು ಅಷ್ಟೇ. ಬಂದೋರು ಹಾಕೋದು ಯಾರು ಹೇಳ್ಬೇಕು? ದಿನಾ ಬೆಳಗಾದ್ರೆ ಒಂದು ಹಿಂಡು ಬರತೈತೆ ಡಾಕ್ಟ್ರೇ. ಒಬ್ರು ಜೋಳ, ಒಬ್ರು ಬೆಲ್ಲ, ಒಬ್ರು ಬಾಳೆಹಣ್ಣು. ನಮ್ಮನೆ ಮಕ್ಳಿಗೆ ಇಂಥಾ ಭಾಗ್ಯ ಇಲ್ಲ."

ಮೂರನೆಯ ಸಲ ಗೆದ್ದ ಮೇಲೆ ಸುತ್ತಲಿನ ಊರುಗಳಿಂದ ಜನ ಸರದಾರನನ್ನು ನೋಡಲು ಬರುತ್ತಿದ್ದರು. ಬರಿಗೈಲಿ ಬರುವುದು ಮರ್ಯಾದೆಯಲ್ಲ. ತಂದದ್ದನ್ನು ಕೈಯಾರೆ ತಿನ್ನಿಸದೆ ಕಳಿಸಿದರೆ ಮನೆಯವರಿಗೂ ಮರ್ಯಾದೆಯಲ್ಲ. ಹೀಗಾಗಿ ಒಬ್ಬೊಬ್ಬರದು ಒಂದೊಂದು ಹಿಡಿ. ಯಾರೂ ತಪ್ಪು ಮಾಡಿರಲಿಲ್ಲ, ಒಟ್ಟು ಎಷ್ಟಾಯಿತೆಂದು ಯಾರೂ ನೋಡಿರಲಿಲ್ಲ. ಇನ್ನೊಂದು ಸಂಗತಿಯೂ ಗಿರಿಜಕ್ಕನ ಬಾಯಿಂದಲೇ ಬಂತು. ಮೊದಲ ವರ್ಷ ಗೆದ್ದಾಗ ಸರದಾರ ಹೊಲ ಉಳುವ ಹೋರಿ. ಗೆದ್ದ ಹೋರಿಯ ಹೆಗಲಿಗೆ ನೊಗ ಇಡಬಾರದೆಂದು ಊರಿನವರು ಹೇಳಿದ ಮೇಲೆ ಅದನ್ನು ನೆರಳಿನಲ್ಲಿ ಕಟ್ಟಿದ್ದರು. ಯಾವ ದುಡಿಮೆ ಅದನ್ನು ಗೆಲ್ಲಿಸಿತ್ತೋ ಅದನ್ನೇ ಗೆಲುವಿನ ಗೌರವಕ್ಕೆ ತಪ್ಪಿಸಿದ್ದರು.

ಕಾಳು, ಬೆಲ್ಲ ಪೂರ್ತಿ ನಿಲ್ಲಿಸಿದೆ. ಒಣಹುಲ್ಲು ಮಾತ್ರ. ನೀರಿನಲ್ಲಿ ಕದಡಿದ ಅಡುಗೆ ಸೋಡಾ ಕುಡಿಸಿದೆ, ಉರಿಯೂತಕ್ಕೆ ಇಂಜೆಕ್ಷನ್ ಕೊಟ್ಟೆ, ಬೆಳಿಗ್ಗೆ ಸಂಜೆ ಕೆರೆಯಂಚಿನ ತಂಪು ಕೆಸರಿನಲ್ಲಿ ನಿಲ್ಲಿಸಲು ಹೇಳಿದೆ. ನೋಡಲು ಬಂದವರನ್ನು ಗಿರಿಜಕ್ಕ ಬಾಗಿಲಲ್ಲೇ ತಡೆದು, "ಕೈ ಮುಗೀರಿ, ತಿನ್ಸಬ್ಯಾಡ್ರಿ, ಡಾಕ್ಟ್ರು ಬೈತಾರೆ" ಎನ್ನುತ್ತಿದ್ದರು. ಆ ಊರಿನಲ್ಲಿ ಅದು ಸಣ್ಣ ಕೆಲಸವಲ್ಲ. ಎಷ್ಟೋ ಜನ ಮುಖ ತಿರುಗಿಸಿಕೊಂಡು ಹೋದರು.

ಹಬ್ಬದ ಹೊತ್ತಿಗೆ ಹೋರಿ ಮೆತ್ತನೆಯ ನೆಲದಲ್ಲಿ ನಡೆಯುವಂತಾಯಿತು. ಓಡುವಂತಾಗಿರಲಿಲ್ಲ. ಓಟದ ದಿನ ಬೆಳಿಗ್ಗೆ ಹಾಲೇಶಪ್ಪ ನನ್ನನ್ನು ಕರೆಸಿದರು. ಅಂಗಳದಲ್ಲಿ ಗಿರಿಜಕ್ಕನ ತಮ್ಮ ತಿಪ್ಪೇಸ್ವಾಮಿ ನಿಂತಿದ್ದ. ಸರದಾರನ ನಾಲ್ಕನೆಯ ಗೆಲುವು ನೋಡಲೆಂದು ಜಗಳೂರಿನಿಂದ ಒಂದು ಲಾರಿ ತುಂಬ ಜನರನ್ನು ಕರೆತಂದಿದ್ದ.

"ನೋವು ತಿಳೀದಂಗೆ ಒಂದು ಇಂಜೆಕ್ಷನ್ ಹಾಕ್ರಿ ಡಾಕ್ಟ್ರೇ" ಎಂದರು ಹಾಲೇಶಪ್ಪ. "ಕಣ್ಣು ಮುಚ್ಚಿ ತೆಗಿಯೋದ್ರಾಗೆ ಮುಗಿಯೋ ಓಟ. ಬಿಡ್ಲಿಲ್ಲ ಅಂದ್ರೆ, ಸೋಲ್ತೀನಿ ಅಂತ ಹೆದರಿ ಕಟ್ಟಾಕ್ದ ಅಂತಾರೆ."

ಅಂಥ ಔಷಧ ನನ್ನ ಚೀಲದಲ್ಲಿತ್ತು. ಹಾಕಿದ್ದರೆ ಓಡುತ್ತಿತ್ತು, ಬಹುಶಃ ಗೆಲ್ಲುತ್ತಲೂ ಇತ್ತು. "ನೋವು ಇರೋದರಿಂದಲೇ ಅದು ಕಾಲನ್ನ ಕಾಪಾಡಿಕೊಳ್ತಾ ಇದೆ. ನೋವು ತೆಗೆದರೆ ಇವತ್ತು ಓಡುತ್ತೆ, ನಾಳೆ ಏಳಲ್ಲ. ನಾನು ಹಾಕಲ್ಲ" ಎಂದೆ.

ತಿಪ್ಪೇಸ್ವಾಮಿಗೆ ಸಿಟ್ಟು ಬಂತು. "ಭಾವಾ, ಲಾರಿ ಮಾಡ್ಕಂಡು ಬಂದಿರೋದು ಇದು ಹುಲ್ಲು ಮೇಯೋದು ನೋಡಾಕಾ?"

"ಲಾರಿ ಬಂತು ಅಂತ ಕಾಲು ವಾಸಿ ಆಗತೈತೇನೋ ತಿಪ್ಪಾ?" ಎಂದರು ಗಿರಿಜಕ್ಕ. "ಅಷ್ಟು ಓಡೋದು ನೋಡಾಕೆ ಬೇಕಿದ್ರೆ ನೀನೇ ಕೊಬ್ಬರಿ ಹಾರ ಹಾಕ್ಕಂಡು ಓಡು. ಹಿಂದೆ ನಾನು ತಮಟೆ ಬಡಿತೀನಿ."

ಲಾರಿಯ ಜನವೇ ನಕ್ಕುಬಿಟ್ಟರು. ಹಾಲೇಶಪ್ಪ ನಗಲಿಲ್ಲ. ಹೋರಿಯ ಕೊರಳಡಿ ಜೋಲುವ ಗಂಗೆದೊಗಲನ್ನು ಸವರುತ್ತ, "ಓಡ್ಸಲ್ಲ. ನಡೆಸ್ಕಂಡು ಹೋದ್ರೆ ಆಗತೈತಾ?" ಎಂದು ಕೇಳಿದರು. ಓಣಿಗೆ ಹೊಸ ಮಣ್ಣು ಹಾಕಿ ಮೆತ್ತಗೆ ಮಾಡಿದ್ದರು. ಆಗಬಹುದು ಎಂದೆ.

ಆ ದಿನ ಓಣಿಯ ಬದಿಯಲ್ಲಿ ನಿಂತು ನಾನು ಗಮನಿಸಿದ್ದು ಇದು. ಬೇರೆ ಹೋರಿಗಳು ಬಂದಾಗ ಹಿಡಿಯುವವರು ಅರ್ಧ ಮನಸ್ಸಿನಿಂದ ಕೈ ಚಾಚುತ್ತಿದ್ದರು. ಮೈಕಿನಲ್ಲಿ ಸರದಾರನ ಹೆಸರು ಕೇಳಿದ್ದೇ ತಡ, ಕೂತವರೆಲ್ಲ ಎದ್ದು ಪಂಚೆ ಬಿಗಿದುಕೊಂಡರು. ಅದು ಯಾವ ಕಡೆ ಹೊರಳುತ್ತದೆ, ಎಲ್ಲಿ ತಲೆ ತಗ್ಗಿಸುತ್ತದೆ ಎಂದು ವರ್ಷವಿಡೀ ಮಾತಾಡಿಕೊಂಡವರು ಅವರು. ಗೆದ್ದವನು ಎಲ್ಲರನ್ನೂ ಎದುರಿಸಬೇಕು, ಉಳಿದವರಿಗೆ ಅವನೊಬ್ಬನೇ ಗುರಿ. ಗಾಲ್ಫ್ ಆಡುವವನೂ ಎದುರಾಳಿ ಒಬ್ಬನನ್ನಲ್ಲ, ಕಣದಲ್ಲಿರುವ ಅಷ್ಟೂ ಜನರನ್ನು ಒಟ್ಟಿಗೆ ಸೋಲಿಸಬೇಕು. ಅವರಲ್ಲಿ ಹೆಚ್ಚಿನವರು ಅವನಷ್ಟೇ ಒಳ್ಳೆಯ ಆಟಗಾರರು. ಒಂದು ವರ್ಷ ಗೆಲ್ಲಲು ಕಸುವೂ ಬೇಕು, ಅದೃಷ್ಟವೂ ಬೇಕು. ಕಸುವು ಮುಂದಿನ ವರ್ಷಕ್ಕೆ ಜೊತೆಗೆ ಬಂದೀತು, ಅದೃಷ್ಟ ಬರಬೇಕೆಂದಿಲ್ಲ. ಮೇಲೆ ಈ ಗೆಲುವು ತರುವ ಉಪಚಾರ ಬೇರೆ.

ಹಾಲೇಶಪ್ಪ ಹಗ್ಗ ಹಿಡಿದು ನಿಧಾನವಾಗಿ ನಡೆಸಿಕೊಂಡು ಬಂದರು. ಜನಕ್ಕೆ ಮೊದಲು ಅರ್ಥವಾಗಲಿಲ್ಲ. "ಏನ್ ಗೌಡ್ರೇ, ಮದುವಣಗಿತ್ತೀನ ಕರ್ಕಂಡು ಬಂದಂಗೆ ಬರ್ತೀರಲ್ಲ!" ಎಂದು ಯಾರೋ ಕೂಗಿದ, ಸಿಳ್ಳೆಗಳು ಎದ್ದವು. ಹಾಲೇಶಪ್ಪ ಸೀದಾ ಹೋಗಿ ಕೆರೆಬಿಳಚಿಯ ಬಾಷಾನ ಮುಂದೆ ನಿಂತರು. ಆ ಸೀಮೆಯಲ್ಲೆಲ್ಲ ಹೆಸರಾದ ಹೋರಿ ಹಿಡಿಯುವವನು ಅವನು, ಮೂರು ವರ್ಷವೂ ಸರದಾರನ ಹಾರಕ್ಕೆ ಕೈ ಹಾಕಿ ಮಣ್ಣಿಗೆ ಬಿದ್ದವನು.

"ಕಾಲು ಸರಿ ಇಲ್ಲಪ್ಪ ಇದಕ್ಕೆ. ಇನ್ನು ಓಡ್ಸಲ್ಲ. ಹಾರ ನೀನೇ ಬಿಚ್ಕಾ."

ಬಾಷಾ ಕೈ ಹಿಂದೆ ಕಟ್ಟಿಕೊಂಡ. "ಹಿಡಿದ್ರೆ ನಂದು ಗೌಡ್ರೇ. ಕೊಟ್ರೆ ಬ್ಯಾಡ." ಆಮೇಲೆ ಬಗ್ಗಿ ಗೊರಸು ನೋಡಿ, "ನಿಲ್ಲಿಸಬ್ಯಾಡ್ರಿ, ಮನಿಗೆ ಕರ್ಕಂಡು ಹೋಗ್ರಿ" ಎಂದು ತಾನೇ ಮುಂದೆ ನಡೆದು ಜನರನ್ನು ಸರಿಸಿ ದಾರಿ ಮಾಡಿದ. ಸಿಳ್ಳೆ ನಿಂತಿತು. ಒಮ್ಮೆಲೇ ನಿಂತಿತು ಎಂದು ನನ್ನ ನೆನಪು ಹೇಳುತ್ತದೆ. ಜನಜಂಗುಳಿಯಲ್ಲಿ ಹಾಗೆ ಒಮ್ಮೆಲೇ ನಿಲ್ಲುವುದು ನಾನು ಬೇರೆಲ್ಲೂ ಕಂಡಿಲ್ಲವಾದ್ದರಿಂದ ಇದನ್ನು ಪೂರ್ತಿ ನಂಬುವುದಿಲ್ಲ.

ಇಂಜೆಕ್ಷನ್ ಕೊಡದ ವೈದ್ಯನನ್ನು ಹಳ್ಳಿಯಲ್ಲಿ ಯಾರೂ ಹೊಗಳುವುದಿಲ್ಲ. ಅಂದು ನನ್ನ "ಇಲ್ಲ" ಉಳಿದದ್ದು ನನ್ನ ಪದವಿಯಿಂದಲ್ಲ. ತಮ್ಮನ ಬಾಯಿ ಮುಚ್ಚಿಸಿದ ಗಿರಿಜಕ್ಕ, ಊರೆದುರು ಹಗ್ಗ ಕೈಬಿಡದ ಹಾಲೇಶಪ್ಪ, ಪುಕ್ಕಟೆ ಗೆಲುವನ್ನು ಒಲ್ಲೆನೆಂದ ಬಾಷಾ, ಈ ಮೂವರಿಗೆ ನಾನು ಋಣಿ. ಕಾಯಿಲೆ ಬಿದ್ದ ದನಕ್ಕಿಂತ ಗೆದ್ದ ದನವನ್ನು ಹೆಚ್ಚು ಎಚ್ಚರದಿಂದ ನೋಡಬೇಕೆಂಬುದು ವೃತ್ತಿಯಲ್ಲಿ ನಾನು ಕಲಿತ ಪಾಠ.

ಬಹಳ ವರ್ಷಗಳ ಮೇಲೆ ಚನ್ನಗಿರಿಗೆ ಹೋದವನು ಕೆರೆಬಿಳಚಿಯಲ್ಲಿ ಬಾಷಾನನ್ನು ಹುಡುಕಿದೆ. ಬೇರೊಂದು ದಿನ ಗಿರಿಜಕ್ಕನನ್ನೂ ಕಂಡೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ತಿಳಿಸದೆ ಅವೇ ಪ್ರಶ್ನೆಗಳನ್ನು ಕೇಳಿದೆ. ಸಿಳ್ಳೆಯ ಬಗ್ಗೆ ಇಬ್ಬರದೂ ಬೇರೆ ಬೇರೆ ಕಥೆ. ಆ ವರ್ಷ ಯಾವ ಹೋರಿ ಗೆದ್ದಿತೆಂಬುದು ಇಬ್ಬರಿಗೂ ನೆನಪಿರಲಿಲ್ಲ. ಒಂದು ಮಾತಿನಲ್ಲಿ ಮಾತ್ರ ಇಬ್ಬರೂ ಒಂದಾದರು. ಮರುವರ್ಷ ಮುಂಗಾರು ಬಿದ್ದಾಗ ಬಾಷಾ ಬಸ್ಸು ಹತ್ತಿ ಸರದಾರನನ್ನು ನೋಡಿಬರಲು ಹೋಗಿದ್ದ. ಹೋರಿ ಕೊಟ್ಟಿಗೆಯಲ್ಲಿರಲಿಲ್ಲ. ಹೊಲದಲ್ಲಿ ನೇಗಿಲು ಎಳೆಯುತ್ತಿತ್ತು.